ಲಕ್ಷ್ಮಿಯ ಮುಂದಿನ ಕಾಗದದ ಚಿನ್ನ

ನನ್ನ ಓರಗಿತ್ತಿ ನಳಿನಾಕ್ಷಿ ಮೈಸೂರಿನವಳು, ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದು ಬಹಳ ವರ್ಷವಾಯಿತು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆಫೀಸಿನಲ್ಲಿ ಬಾಸ್ ಮುಂದೆ ಬೆಣ್ಣೆಯಂಥ ಮಾತು, ಮನೆ ಕ್ಲೀನ್ ಮಾಡಲು ಬರುವ ಹೆಂಗಸಿಗೆ ಪೇಪರ್ ಲೋಟದಲ್ಲಿ ನೀರು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಸಕ್ಕೆ ಸೀರೆ ಉಡಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ, ಒಪ್ಪಲೇಬೇಕು. ಅಲಂಕಾರದ ಫೋಟೋಗೆ ವಾಟ್ಸಾಪ್‌ನಲ್ಲಿ ಹೊಗಳಿಕೆ ಬರದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಈ ಸಲ ಪಕ್ಕದ ಮನೆಯ ಚೆನ್ ಅಜ್ಜಿ ಪೋರ್ಚ್‌ನಲ್ಲಿ ಕೂತು ಬಂಗಾರದ ಬಣ್ಣದ ಕಾಗದ ಮಡಚುತ್ತಿದ್ದುದು ಇವಳ ಕಣ್ಣಿಗೆ ಬಿತ್ತು. ಚೀನೀ ಹೋಟೆಲುಗಳ ಗಲ್ಲಾದ ಮೇಲೆ ಪುಟ್ಟ ದೋಣಿಯಂಥ ಚಿನ್ನದ ಗಟ್ಟಿ ಇಟ್ಟಿರುತ್ತಾರಲ್ಲ, ಅದೇ ಆಕಾರ. ಹಿಂದೆ ಅವರಿಗೆ ಅದೇ ಹಣವಂತೆ. ಈಗ ಐಶ್ವರ್ಯ ಬರಲಿ ಎಂದು ಇಡುತ್ತಾರೆ. ಲಕ್ಷ್ಮಿಯ ಮುಂದೆ ರಾಶಿ ಹಾಕಿದರೆ ಫೋಟೋ ಹೇಗೆ ಬಂದೀತು ಎಂದು ಇವಳಿಗೆ ಆಸೆಯಾಯಿತು. ಅಜ್ಜಿಗೆ ಇಂಗ್ಲಿಷ್ ಬಾರದು. ಫೋನಿನಲ್ಲಿ ದೇವಿಯನ್ನು ತೋರಿಸಿ, ಕೈಸನ್ನೆ ಮಾಡಿ, ಒಂದು ದಿನಕ್ಕೆಂದು ಬುಟ್ಟಿಪೂರ್ತಿ ಈಸಿಕೊಂಡು ಬಂದಳು.

ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರು ತುಂಬಿದ್ದಾಗ, ಬುಟ್ಟಿ ಕೇಳಲು ಅಜ್ಜಿ ಮೊಮ್ಮಗಳ ಜೊತೆ ಬಂದರು. ದೇವಿಯ ಮುಂದೆ ತಾವು ಮಡಚಿದ್ದು ಕಂಡು ಕಣ್ಣೊರೆಸಿಕೊಂಡು ಕೈ ಮುಗಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು: ತಾತ ಹೋಗಿ ಇನ್ನೂ ವರ್ಷವಾಗಿಲ್ಲ. ಸತ್ತವರು ಈ ತಿಂಗಳು ಮನೆ ಕಡೆ ಬರುತ್ತಾರೆ. ನಾಳೆ ಇದನ್ನು ಸುಟ್ಟರೆ ತಾತನ ಖರ್ಚಿಗೆ ಸೇರುತ್ತದೆ. ನಿಮ್ಮ ದೇವರ ಆಶೀರ್ವಾದವೂ ಆಯಿತಲ್ಲ, ಥ್ಯಾಂಕ್ಸ್.

ನಳಿನಾಕ್ಷಿಯ ಮುಖ ಹುಳ್ಳಗಾಯಿತು. “ಶಿವ ಶಿವಾ, ಪಿಂಡದ ಸಾಮಾನು” ಎಂದವಳೇ ಪೊರಕೆ ತಂದಳು. ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು, ಅಷ್ಟನ್ನೂ ಗುಡಿಸಿ ಎಂಜಲೆಲೆಯ ಗಾರ್ಬೇಜ್ ಚೀಲಕ್ಕೆ ಸುರಿದಳು. ಅಜ್ಜಿಯ ಎದುರಿಗೇ. ನೆರೆದವರು ಒಬ್ಬಟ್ಟು ತಿನ್ನುತ್ತಲೇ ಇದ್ದರು. ಥೂ!

ಅಜ್ಜಿ ನೆಲದ ಮೇಲೆ ಕೂತು ಚೀಲದೊಳಗೆ ಕೈ ಹಾಕಿದರು. ನಾನೂ ಕೂತೆ. ಸಾರು, ಪಾಯಸ ಮೆತ್ತಿ ಕಾಗದವೆಲ್ಲ ಮುದ್ದೆಯಾಗಿತ್ತು. ಒಂದನ್ನು ಅಂಗಿಯ ತುದಿಯಲ್ಲಿ ಒರೆಸುತ್ತಾ ಅಜ್ಜಿ ಏನೋ ಅಂದರು. ಏನಂತೆ ಎಂದು ಮೊಮ್ಮಗಳನ್ನು ಕೇಳಿದೆ. ಕೊಳೆಯಾದದ್ದನ್ನು ತಾತನಿಗೆ ಹೇಗೆ ಕಳಿಸಲಿ ಅಂತಿದ್ದಾರೆ ಎಂದಳು.

“ಅಕ್ಷತಾ, ಕೈ ತೊಳ್ಕೊಂಡು ಬಾ, ಆರತಿ ಎತ್ತಬೇಕು” ಎಂದು ನಳಿನಾಕ್ಷಿ ನನ್ನನ್ನು ಕರೆದಳು.

“ನೀವೇ ಎತ್ತಿ ಅಕ್ಕ, ನಿಮ್ಮ ಕೈ ಶುದ್ಧವಾಗಿದೆಯಲ್ಲ” ಎಂದು ಹೇಳಿ ಅಜ್ಜಿಯ ಜೊತೆ ಹೊರಗೆ ಬಂದೆ.