ಡ್ರೂಸಿಲ್ಲಾಳ ಮದುವೆಗೆ ಎರಡು ಗುಂಡು

ಪಫಿನ್ ಟಿಕಲ್ ಎಂಬ ಕಡಲತೀರದ ಮೀನುಗಾರರ ಊರಲ್ಲಿ ಮದುವಣಗಿತ್ತಿ ಚರ್ಚಿಗೆ ನಡೆಯುವಾಗ ದಾರಿಯುದ್ದಕ್ಕೂ ಗಂಡಸರು ಕೋವಿ ಹಾರಿಸಬೇಕು. ಗುಂಡಿನ ಸದ್ದಿಲ್ಲದ ಮದುವೆ ಕದ್ದು ಕೂಡಿಕೊಂಡ ಹಾಗೆ. ಡ್ರೂಸಿಲ್ಲಾಳಿಗೆ ಐವತ್ತೆಂಟು. ಗಂಡ ಈಲೈ ಸಮುದ್ರದ ಪಾಲಾಗಿ ಹನ್ನೊಂದು ವರ್ಷವಾಗಿತ್ತು, ಹೆಣವೂ ಸಿಕ್ಕಿರಲಿಲ್ಲ. ಅಂದಿನಿಂದ ಕಾಡ್ ಮೀನು ಸೀಳಿ, ಉಪ್ಪು ಹಾಕಿ, ಒಣಗಿಸಿ, ಯಾರ ಹಂಗಿಲ್ಲದೆ ಬದುಕಿದವಳು. ಈಗ ದೋಣಿ ಕಟ್ಟುವ ಅಜರಾಯನನ್ನು ಮದುವೆಯಾಗುತ್ತೇನೆ ಎಂದದ್ದೇ ತಡ, ಊರಿಗೆ ಊರೇ ಮೂಗು ಮುರಿಯಿತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮೈದುನ ಲಿಯಾಂಡರ್ ಬಂದು ಬಾಗಿಲಲ್ಲಿ ನಿಂತ.

“ಅತ್ತಿಗೆ, ಮೊದ್ಲೇ ಹೇಳ್ಬಿಡ್ತೀನಿ. ನಾಳೆ ಈ ಊರಲ್ಲಿ ಯಾರೂ ನಿನಗೋಸ್ಕರ ಕೋವಿ ಎತ್ತಲ್ಲ. ಎಲ್ರ ಹತ್ರಾನೂ ಮಾತಾಡಿದೀನಿ.”

“ಮನೆಮನೆಗೂ ಹೋಗ್ಬಂದ್ಯಾ? ಪಾಪ, ಕಾಲು ನೋಯ್ತಿರ್ಬೇಕು. ಕೂತ್ಕೊ, ಟೀ ಕುಡಿ. ನಮ್ಮನೆ ಕೋವಿ ಇದೆ, ನಾನೇ ಹಾರಿಸ್ತೀನಿ.”

ಲಿಯಾಂಡರ್ ಹೊಟ್ಟೆ ಹಿಡಿದು ನಕ್ಕ. “ಕ್ಯಾಟಲಾಗ್ ನೋಡಿ ಅಂಚೇಲಿ ತರಿಸಿದ ಆ ಅಗ್ಗದ ಕೋವಿನಾ! ಅದರ ಬಲಗಡೆ ನಳಿಗೆ ಅಣ್ಣ ಇದ್ದಾಗ್ಲೇ ಕೈಕೊಟ್ಟಿತ್ತು. ಮದುವೇಲಿ ಒಂಟಿ ಗುಂಡು ಅಪಶಕುನ, ಗೊತ್ತಲ್ಲ?”

ಗೊತ್ತಿತ್ತು. ಅದಕ್ಕೇ ಅವಳು ಗೋಡೆಯಿಂದ ಕೋವಿ ಇಳಿಸಿದಳು. ಅತ್ತಿಗೆಗೆ ಮುಖಭಂಗವಾಗುವುದನ್ನು ಕಣ್ಣಾರೆ ನೋಡಿಯೇ ಹೋಗೋಣವೆಂದು ಅವನು ಕಾಕಂಬಿ ಸವರಿದ ರೊಟ್ಟಿ ಹಿಡಿದು ಕೂತ.

ಕೋವಿಯನ್ನು ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿಯೆಂದು ಬೆರಳಿಟ್ಟು ನೋಡಿದಳು. ನಳಿಗೆಯ ಕೆಳಗೆ, ಮುಂದಿನ ಕೈಯಲ್ಲಿ ಹಿಡಿಯುವ ಮರದ ತುಂಡನ್ನು ಎಳೆದು ತೆಗೆದಳು. ಜೋಡಿ ನಳಿಗೆ ಕಳಚಿ ಕೈಗೆ ಬಂತು. ಹಿಂಬದಿಯ ಮರ ಬಿಡಿಸಲು ಉದ್ದದ ಸ್ಕ್ರೂಡ್ರೈವರ್ ಬೇಕಾಯಿತು, ಜೊತೆಗೆ ಒಂದೆರಡು ಬೈಗುಳ. ಒಳಗೆ ನೋಡಿದರೆ ಈಲೈ ಸುರಿದ ಎಣ್ಣೆಯೆಲ್ಲ ಅಂಟಿನಂತೆ ಗಟ್ಟಿಯಾಗಿತ್ತು. ತೋಟಾದ ಬೆನ್ನಿಗೆ ಕುಟ್ಟುವ ಬಲಗಡೆಯ ಮೊಳೆ ಅದರಲ್ಲೇ ಸಿಕ್ಕಿಕೊಂಡಿತ್ತು.

“ಗಂಡಸಿಗೆ ಎಣ್ಣೆ ಸುರಿಯೋದೊಂದು ಗೊತ್ತು, ಒರೆಸೋದು ಗೊತ್ತಿಲ್ಲ,” ಎಂದಳು.

ಸೀಮೆಎಣ್ಣೆಯಲ್ಲಿ ನೆನೆಸಿ, ಉಜ್ಜಿ, ಮೊಳೆ ಸರಾಗವಾಗಿ ಓಡಾಡುವಂತೆ ಮಾಡಿದಳು. ಮೀನಿನ ಹೊಟ್ಟೆ ಬಗೆದ ಕೈಗೆ ಇದೇನು ಮಹಾ! ಆ ಭಾಗವನ್ನು ಮತ್ತೆ ಹಿಂಬದಿಯ ಮರಕ್ಕೆ ಕೂಡಿಸಿದಳು.

“ನಳಿಗೆ ಹಾಕೋಕ್ಮುಂಚೆ ಕುದುರೆ ಎಳೆದು ನೋಡು, ಬಡಿಯುತ್ತೋ ಇಲ್ವೋ,” ಎಂದ ಲಿಯಾಂಡರ್, ಬಲು ಸಂಭಾವಿತನಂತೆ.

ಎಳೆದಳು. ಎರಡೂ ಕಡೆ ಟಪ್, ಟಪ್ ಎಂದು ಬಡಿಯಿತು. ಆದರೆ ನಳಿಗೆ ಕೂಡಿಸಿದ ಮೇಲೆ ಮುಂದಿನ ಮರದ ತುಂಡು ಕೂರಲೇ ಇಲ್ಲ. ತಳ್ಳಿದಳು, ತಿರುಗಿಸಿದಳು, ಅಂಗೈಯಿಂದ ಗುದ್ದಿದಳು. ಲಿಯಾಂಡರನಿಗೆ ಕಾರಣ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಅಂಥ ಆಸಾಮಿ.

“ಬೇಕಂತ್ಲೇ ಎಳೆಸಿದ್ಯಾ?”

“ನಾನೇನ್ ಮಾಡ್ದೆ? ಎಳೆದೋಳು ನೀನು.”

ಡ್ರೂಸಿಲ್ಲಾ ಅವನಿಗೆ ಕೈಮುಗಿಯಲಿಲ್ಲ. ನಳಿಗೆ ಮತ್ತೆ ಕಳಚಿ, ಉಳಿದ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದರ ಮುಂಭಾಗದಲ್ಲಿ ಕಬ್ಬಿಣದ ಎರಡು ಪುಟ್ಟ ನಾಲಿಗೆಗಳು ಹೊರಗೆ ಚಾಚಿಕೊಂಡಿದ್ದವು. ಕುದುರೆ ಎಳೆದಾಗ, ಮೊಳೆಗೆ ಬಡಿಯುವ ಒಳಗಿನ ಸುತ್ತಿಗೆಗಳು ಬಿದ್ದದ್ದಕ್ಕೆ ಇವು ಹೊರಬಂದಿವೆ. ಇವನ್ನು ಒತ್ತಿದರೆ ಅವು ಏಳಲೇಬೇಕು. ನಾಲಿಗೆಗಳನ್ನು ಮೇಜಿನ ಅಂಚಿಗೆ ಆನಿಸಿ ಮೈಭಾರವನ್ನೆಲ್ಲ ಹಾಕಿದಳು. ಕಟಕ್. ಇನ್ನೊಮ್ಮೆ ಕಟಕ್. ಮರದ ತುಂಡು ತನ್ನ ಜಾಗದಲ್ಲಿ ತೆಪ್ಪಗೆ ಕೂತಿತು.

ಲಿಯಾಂಡರ್ ಅರ್ಧ ರೊಟ್ಟಿ ಅಲ್ಲೇ ಬಿಟ್ಟು ಎದ್ದು ಹೋದ.

ಮರುದಿನ ನೀಲಿ ಉಡುಪು ತೊಟ್ಟು, ತೋಟಾ ತುಂಬಿ, ಕೋವಿ ಹಿಡಿದು ಒಬ್ಬಳೇ ಹೊರಟಳು. ಗಂಡಸರೆಲ್ಲ ಬಾಗಿಲುಗಳಲ್ಲಿ ಬರಿಗೈಯಲ್ಲಿ ನಿಂತಿದ್ದರು. ಲಿಯಾಂಡರ್ ದಾರಿಗೆ ಅಡ್ಡ ಬಂದ.

“ನಮ್ಮಣ್ಣನ ಕೋವಿ ಅದು! ಇನ್ನೊಬ್ಬನ ಮದುವೆಗೆ ಅದನ್ನ ಹೊಡೀತೀಯಾ?”

“ನಿಮ್ಮಣ್ಣ ಹೋದಾಗ, ಹೆಣ ಸಿಗಲಿಲ್ಲ ಅಂತ ಸತ್ತೋರಿಗೆ ಗೌರವಕ್ಕೆ ಹಾರಿಸೋ ಒಂದು ಗುಂಡೂ ನೀವ್ಯಾರೂ ಹೊಡೀಲಿಲ್ಲ. ಹನ್ನೊಂದು ವರ್ಷ ನನ್ನ ಎದೇಲಿಟ್ಕೊಂಡಿದ್ದೆ ಆ ಗುಂಡನ್ನ. ಇದು ಅವನಿಗೆ.”

ಸಮುದ್ರದ ಮೇಲಿನ ಬರಿ ಆಕಾಶಕ್ಕೆ ಎಡದ ನಳಿಗೆ ಹಾರಿಸಿದಳು. ಹಕ್ಕಿಗಳು ಬಂಡೆಯಿಂದೆದ್ದವು.

“ಇದು ನನಗೆ.”

ಬಲದ ನಳಿಗೆಯೂ ಗುಡುಗಿತು. ಲಿಯಾಂಡರ್ ದಾರಿ ಬಿಟ್ಟಿದ್ದ. ಟೋಪಿ ಅವನ ಕೈಯಲ್ಲಿತ್ತು. ಯಾವಾಗ ತೆಗೆದನೋ ಅವನಿಗೇ ಗೊತ್ತಿರಲಿಲ್ಲ.