ಕಮಾನಿನ ಬದಲು ಒಂದು ಕೋಣೆ

ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಅವಳಿಗೆ ‘ಅಕ್ಕ’ ಎಂಬ ಹೆಸರೇ ನಿಂತುಬಿಟ್ಟಿತ್ತು. ಹಗಲೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಸಂಜೆ ಊರಿನ ಸಣ್ಣ ಕಾಲೇಜಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸು. ಬಿಸಿ ಹಬೆಯಲ್ಲಿ ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಭುಜ ಸೋತಿರುತ್ತಿತ್ತು. ಬೆಂಚಿನ ಮೇಲೆ ಕೂತರೆ ಸಾಕು, ಕಣ್ಣು ಎಳೆಯುತ್ತಿತ್ತು. ಗಂಡ ಟ್ಯಾಂಕರ್ ಡ್ರೈವರ್, ಸಂಜೆಯಾದರೆ ಹೊರಡುವವನು. ಮಗಳು ಅತ್ತೆಯ ಮಡಿಲಲ್ಲಿ ಇರುತ್ತಿದ್ದಳು. ಹೇಗೋ ನಡೆದಿತ್ತು.

ಅತ್ತೆಯ ಕಣ್ಣು ಮಂಜಾಗುತ್ತಾ ಬಂತು. ಒಂದು ಸಂಜೆ ಮಗು ಒಲೆಯ ಹತ್ತಿರ ಹೋದದ್ದು ಅವರಿಗೆ ಕಾಣಲಿಲ್ಲ. ಪುಟ್ಟ ಅಂಗೈ ಬೊಬ್ಬೆಯೆದ್ದಿತು. ಅತ್ತೆ ಅತ್ತುಬಿಟ್ಟರು. “ಇನ್ನು ನನ್ನ ಕೈಲಾಗಲ್ಲ ಕಣೇ.”

ಅಕ್ಕ ಮಗುವನ್ನು ತರಗತಿಗೇ ಕರೆತಂದಳು. ಅದು ಚೀರಿತು, ಗೋಡೆಯ ಪಟ ಹರಿದುಹಾಕಿತು. ಮೇಷ್ಟರು ಮುಖ ಸಣ್ಣದು ಮಾಡಿಕೊಂಡು, “ಬೇಜಾರಾಗ್ಬೇಡಿ, ಉಳಿದವರಿಗೆ ಪಾಠ ಕೇಳಿಸ್ತಿಲ್ಲ” ಎಂದರು. ಅಂದಿನಿಂದ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಕಿಟಕಿಯ ಪಕ್ಕ ನಿಂತು ಕೇಳತೊಡಗಿದಳು.

ಪಕ್ಕದ ಸಭಾಂಗಣದಲ್ಲಿ ಹಳೇ ವಿದ್ಯಾರ್ಥಿಗಳ ಸಂಘದ ಸಭೆಯಿದ್ದ ದಿನ, ಆ ದಾರಿಯಾಗಿ ಬಂದ ಬೇಕರಿಯಮ್ಮ ಅವಳನ್ನು ಕಂಡರು. ಅದೇ ಕಾಲೇಜಿನಲ್ಲಿ ಲೆಕ್ಕಪತ್ರ ಕಲಿತು ಬೇಕರಿ ಕಟ್ಟಿದ ಹೆಂಗಸು, ಮಾತು ಒರಟು.

“ಯಾಕಮ್ಮ ಹೊರಗೆ ನಿಂತಿದೀಯ? ಶಿಕ್ಷೆನಾ?”

“ಒಳಗಿರೋರಿಗೆ ಶಿಕ್ಷೆ ಆಗ್ಬಾರ್ದಲ್ಲಮ್ಮಾ. ಇವಳು ಬಾಯಿ ತೆಗೆದ್ರೆ ಮುಗೀತು. ಇರ್ಲಿ, ನಾಳೆಯಿಂದ ಬರಲ್ಲ. ಸಾಕಾಗಿದೆ.”

ಸಂಘದವರು ಗೇಟಿಗೆ ದಾನಿಗಳ ಹೆಸರು ಕೆತ್ತಿದ ಕಮಾನು ಕಟ್ಟಿಸಬೇಕೆಂದಿದ್ದರು. ಬೇಕರಿಯಮ್ಮ ಸಭೆಯಲ್ಲಿ ಎದ್ದು ನಿಂತರು. “ನನ್ನ ಪಾಲು ಕಮಾನಿಗಿಲ್ಲ. ಮಗು ಎತ್ಕೊಂಡು ಒಬ್ಬಳು ಹೊರಗೆ ನಿಂತಿದಾಳೆ. ನಮ್ಮ ಹೆಸರಿರೋ ಕಮಾನಿನ ಕೆಳಗೇ ಅವಳು ಓದು ಬಿಟ್ಟು ಹೋಗ್ಬೇಕಾ?”

“ಕಲ್ಲಿಗೆ ಆರ್ಡರ್ ಕೊಟ್ಟಾಗಿದೆ,” ಎಂದು ಅಧ್ಯಕ್ಷರು ಗೊಣಗಿದರು.

“ಕಲ್ಲೇನು ಅಳುತ್ತಾ? ಬೇಡ ಅನ್ನಿ.”

ಜಟಾಪಟಿ ಜೋರಾಗಿಯೇ ನಡೆಯಿತು. ಕೊನೆಗೆ ಕಮಾನಿನ ಮಾತು ಬಿದ್ದುಹೋಯಿತು. ಪಾಠದ ಹೊತ್ತಿನಲ್ಲಿ ಮಕ್ಕಳನ್ನು ಬಿಡಲೆಂದು, ಕಾಲೇಜಿನ ಆಟದ ಸಾಮಾನು ತುಂಬಿದ್ದ ಕೋಣೆ ಖಾಲಿಯಾಯಿತು. ಹಳೇ ವಿದ್ಯಾರ್ಥಿಯಾದ ಬಡಗಿಯೊಬ್ಬ ಬಾಗಿಲಿಗೆ ಮಕ್ಕಳು ದಾಟದಂಥ ಕಟಕಟೆ ಮಾಡಿಕೊಟ್ಟ. ನಿವೃತ್ತ ನರ್ಸೊಬ್ಬರು ಸಂಜೆ ಬಂದು ಕೂರಲು ಒಪ್ಪಿದರು. ಜೊತೆಗಿರುವ ಆಯಾಳ ಸಂಬಳ ಸಂಘದ್ದು. ಬೇಕರಿಯಮ್ಮ ಮನೆಯವರೆಗೂ ಹೋಗಿ ಅಕ್ಕನನ್ನು ಕರೆತಂದರು. ಆಮೇಲೆ ನೋಡಿದರೆ, ಹೇಳಿಕೊಳ್ಳದೆ ಕಷ್ಟಪಡುತ್ತಿದ್ದ ತಾಯಂದಿರು ಇನ್ನೂ ಎಷ್ಟೋ ಮಂದಿ.

ಅಕ್ಕ ಒಂದು ವಿಷಯದಲ್ಲಿ ಫೇಲಾದಳು, ಮತ್ತೆ ಕಟ್ಟಿ ಪಾಸಾದಳು. ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಹಬೆ ತಪ್ಪಿತು, ನಿಲ್ಲುವುದು ತಪ್ಪಲಿಲ್ಲ. ಭುಜದ ನೋವು ಕಾಲಿಗಿಳಿಯಿತು, ಅಷ್ಟೆ.

ಬೇಕರಿಯಮ್ಮ ಫೋನ್ ಮಾಡಿದರು. “ಈಗ ನೀನೂ ಹಳೇ ವಿದ್ಯಾರ್ಥಿ. ಏನು ಕೊಡ್ತೀಯ?”

“ನನ್ನ ಹತ್ರ ಏನಿದೆಯಮ್ಮಾ? ಶನಿವಾರ ಸಂಜೆ ಬಿಡುವು. ಅಷ್ಟೊತ್ತಿಗೆ ನಾನು ಅರ್ಧ ಹೆಣ.”

“ಉಳಿದರ್ಧ ಸಾಕು, ಬಾ.”

ಶನಿವಾರಗಳಂದು ಮಕ್ಕಳ ಕೋಣೆಗೆ ಹೋಗತೊಡಗಿದಳು. ಯಾಕಾದರೂ ಒಪ್ಪಿಕೊಂಡೆನೋ ಎಂದು ಬಸ್ಸಿನಲ್ಲಿ ತನ್ನನ್ನೇ ಬೈದುಕೊಂಡದ್ದೂ ಉಂಟು. ಮೊನ್ನೆ ಯಾರದೋ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಡೆಗೊರಗಿದ್ದಳು. ಕೂಸಿನ ತಾಯಿ ಬಂದು ಮೆಲ್ಲಗೆ ಭುಜ ಮುಟ್ಟಿದಳು.

“ನಿದ್ದೆ ಬಂತಾ ಅಕ್ಕಾ?”

“ಇಲ್ಲ ಕಣೇ, ಸುಮ್ನೆ ಕಣ್ಣು ಮುಚ್ಚಿದ್ದೆ. ಪಾಠ ಮುಗೀತಾ?”

“ಮುಗೀತು. ಇವತ್ತು ಕೊನೇತನಕ ಕೂತಿದ್ದೆ.”

ಅಕ್ಕ ಕೂಸನ್ನು ಅವಳ ಹೆಗಲಿಗೆ ಹಾಕಿ, ಜೋಮು ಹಿಡಿದ ಕಾಲನ್ನು ನಿಧಾನವಾಗಿ ನೀಡಿಕೊಂಡಳು.