ಅಮಾವಾಸ್ಯೆಗೊಮ್ಮೆ ನಿಲ್ಲುತ್ತಿದ್ದ ಕಂಪ್ಯೂಟರ್

ಎಂಟನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಮೋಟಾರ್ ವೈಂಡಿಂಗ್‌ನಿಂದ ಕಂಪ್ಯೂಟರ್ ರಿಪೇರಿಗೆ, ಅಲ್ಲಿಂದ ಕೋಡ್ ಓದುವುದಕ್ಕೆ ಬಂದದ್ದು ಸ್ವಂತ ದುಡಿಮೆಯಿಂದ. ಹೇಳಿಕೊಳ್ಳಲು ಸಂಕೋಚವಿಲ್ಲ. ಎರಡು ಸಾವಿರದ ದಶಕದ ಕೊನೆಗೆ ಬೇಲೂರು ಕೈಗಾರಿಕಾ ಪ್ರದೇಶದ ಪಂಪ್ ಕಾರ್ಖಾನೆಯೊಂದರಲ್ಲಿದ್ದೆ. ಪಂಪುಗಳನ್ನು ದಿನಗಟ್ಟಲೆ ಓಡಿಸಿ ಪರೀಕ್ಷಿಸುವ ಕಂಪ್ಯೂಟರನ್ನು ಅಲ್ಲಿ ಕೂಡಿಸಿದವನು ನಾನೇ.

ಅದು ಅಮಾವಾಸ್ಯೆಗೊಮ್ಮೆ ಸತ್ತಂತೆ ನಿಲ್ಲುತ್ತಿತ್ತು. ನಡೆದಿದ್ದ ಪರೀಕ್ಷೆ ಹಾಳಾಗುತ್ತಿತ್ತು.

“ಇನ್ನೊಂದ್ ಅಮಾಸಿ ನೋಡ್ತೇನಿ. ಮತ್ತ ನಿಂತ್ರ ಇದನ್ನ ತಗದು ಹಳೇ ಮೀಟರಿನ ಪ್ಯಾನೆಲ್ ಹಚ್ಚಸ್ತೇನಿ,” ಎಂದರು ಮಾಲಕರು.

ಕಾರಣ ಹುಡುಕುತ್ತ ಹೋದರೆ ಪೂಜೆ ಸಿಕ್ಕಿತು. ಅಂದು ಎಲ್ಲ ಯಂತ್ರ ಒರೆಸಿ ಕುಂಕುಮ ಹಚ್ಚುವುದು ರೂಢಿ. ಮಾಲಕರು ಒತ್ತಡ ಅಳೆಯುವ ಡಬ್ಬಿಯ ವೈರು ಕಿತ್ತು, ಒರೆಸಿ, ಪೂಜಿಸಿ, ಮತ್ತೆ ಸಿಕ್ಕಿಸುತ್ತಿದ್ದರು. ಕಿತ್ತೊಡನೆ ಆ ಡಬ್ಬಿಯನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಮೆಮೊರಿಯಿಂದ ಇಳಿದುಹೋಗುತ್ತಿತ್ತು. ಆದರೆ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ, ನಡೆದದ್ದನ್ನೆಲ್ಲ ದಾಖಲಿಸುವ ಟ್ರೇಸ್ ಎಂಬ ಭಾಗವಿರುತ್ತದೆ. ಅದು ಡ್ರೈವರಿನ ಹೆಸರನ್ನು ಬರೆದುಕೊಳ್ಳದೆ, ಹೆಸರು ಮೆಮೊರಿಯಲ್ಲಿ ಎಲ್ಲಿದೆಯೆಂಬ ವಿಳಾಸವನ್ನಷ್ಟೇ ಇಟ್ಟುಕೊಂಡಿತ್ತು. ಸಂಜೆ ವರದಿ ತೆಗೆಯುವಾಗ ಆ ವಿಳಾಸಕ್ಕೆ ಹೋದರೆ ಹೆಸರು ಎಲ್ಲಿರಬೇಕು? ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತಿತ್ತು.

ವಿದ್ಯಾನಗರದ ಕಾಲೇಜಿನಲ್ಲಿ ಕಲಿತು ಬಂದ ಇಂಜಿನಿಯರ್ ಹೆಣ್ಣುಮಗಳೊಬ್ಬರು ಪಕ್ಕದ ಟೇಬಲ್ಲಿನಲ್ಲಿದ್ದರು; ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದೆವು.

“ಓದೂಕಿಂತ ಮೊದ್ಲ ಆ ವಿಳಾಸ ಬರೋಬರಿ ಐತೇನಂತ ತಪಾಸ್ ಮಾಡಿದ್ರ ಆತಲ್ರಿ,” ಎಂದೆ.

“ಕಾಕಾರ, ವಿಳಾಸ ಬರೋಬರಿ ಇದ್ರೂ ಆ ಜಾಗಾಕ್ಕ ಬ್ಯಾರೆದವ್ರು ಬಂದಿರ್ತಾರ್ರಿ. ಬಾಗಲಾ ತಗದ್ರು ಅಂದಕೂಡ್ಲೆ ಬೀಗರ ಮನಿ ಅಂತ ಉಣ್ಣಾಕ ಕೂಡ್ತೀರೇನು?”

ನನಗೆ ನಗು ಬರಲಿಲ್ಲ. ಮಾತು ಮಾತ್ರ ಖರೇ ಇತ್ತು.

“ಅಮಾಸಿಗೆ ಡಬ್ಬಿ ಕೀಳಬ್ಯಾಡ್ರಿ ಅಂತ ಮಾಲಕರಿಗೆ ಹೇಳಿಬಿಡ್ರಲ್ಲ,” ಎಂದರು ಬಾಯಾರು.

“ಅದಾಗೂದಿಲ್ಲ. ಕೀಳೂದು ಅವರ ಕೆಲಸ, ತಡಕೊಳ್ಳೂದು ಇದರ ಕೆಲಸ.”

ದಾಖಲೆ ಬರೆಯುವ ಹೊತ್ತಿಗೇ ಹೆಸರಿನ ನಕಲು ಅದರೊಳಗೆ ಬೀಳುವಂತೆ ಕೋಡ್ ತಿದ್ದಿದೆ. ಉದ್ದನೆಯ ಹೆಸರು ಪಕ್ಕದ ದಾಖಲೆಯ ಮೇಲೆ ಹರಿಯದಂತೆ ಕತ್ತರಿಸುವ ಸಾಲನ್ನು ಬಾಯಾರು ಸೇರಿಸಿದರು. ದಾಖಲೆಗಳು ದಪ್ಪಗಾದವು, ಜಾಗ ಇದ್ದಷ್ಟೇ ಇದ್ದುದರಿಂದ ಹಳೆಯವು ಬೇಗ ಅಳಿಯತೊಡಗಿದವು. ಅಷ್ಟು ಬಿಟ್ಟುಕೊಡಬೇಕಾಯಿತು.

ಮುಂದಿನ ಅಮಾವಾಸ್ಯೆ ಮಾಲಕರು ಎಂದಿನಂತೆ ಕಿತ್ತರು, ಒರೆಸಿದರು, ಸಿಕ್ಕಿಸಿದರು. ಸಂಜೆ ನನ್ನ ಬೆನ್ನ ಹಿಂದೆಯೇ ಬಂದು ನಿಂತರು. ವರದಿ ತೆಗೆದೆ. ಇಳಿದುಹೋದ ಡ್ರೈವರಿನ ಹೆಸರು ಸಾಲುಸಾಲಾಗಿ ಬಂತು. ಪಂಪು ಓಡುತ್ತಲೇ ಇತ್ತು.

“ಇಷ್ಟ್ ಸಣ್ಣ ಅಕ್ಷರಾ ಯಾಕ್ರಿ? ಕಣ್ಣಿಗೇ ಕಾಣವಲ್ವು,” ಎಂದರು. ಪ್ಯಾನೆಲ್ಲಿನ ಮಾತು ಎತ್ತಲಿಲ್ಲ.

ಅಕ್ಷರ ದೊಡ್ಡದು ಮಾಡಿಕೊಟ್ಟೆ.